ಡಬ್ಬದಲ್ಲಿದ್ದ ಹಳೇ ಅಂಗಿ

ಮಗಳು ಇಲ್ಲಿ ಇಂಗ್ಲೆಂಡಿನಲ್ಲಿ ಸ್ಕೌಟ್ ತಂಡ ಸೇರಿದಾಗ, ಸಮವಸ್ತ್ರ ಎಲ್ಲಿ ಕೊಳ್ಳಬೇಕು ಎಂದು ಲೀಡರ್ ಹತ್ತಿರ ಕೇಳಿದೆ. ಅವರು ಮೂಲೆಯಲ್ಲಿದ್ದ ಡಬ್ಬ ತೆರೆದು ಒಂದು ಹಳೇ ಅಂಗಿ ತೆಗೆದು ಅವಳ ಭುಜಕ್ಕೆ ಹಿಡಿದು ನೋಡಿ ಕೊಟ್ಟರು. ಹಿಂದಿನವರ ಬ್ಯಾಡ್ಜು ಬಿಚ್ಚಿದ ಕಡೆ ಸೂಜಿ ತೂತುಗಳ ಸಾಲು, ಬಣ್ಣ ಮಾಸದೆ ಉಳಿದ ಗುಂಡು ಗುರುತುಗಳು. ಅವುಗಳ ಮೇಲೆಯೇ ಅವಳ ಮೊದಲ ಬ್ಯಾಡ್ಜು ಹೊಲಿದೆ.

ಹೊಲಿಯುವಾಗ ನನ್ನ ಹೈಸ್ಕೂಲಿನ ಗೆಳೆಯನೊಬ್ಬ ನೆನಪಾದ. ಗಂಟು ಕಟ್ಟುವುದರಲ್ಲಿ ನಮಗಿಂತ ಚುರುಕು. ಬಟ್ಟೆ ಹೊಲಿಸಲು ಮನೆಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ಸ್ಕೌಟ್‌ಗೆ ಹೆಸರನ್ನೇ ಕೊಡಲಿಲ್ಲ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ನಾವು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಪರೇಡ್ ಮಾಡುತ್ತಿದ್ದರೆ ಅವನು ಶಾಲೆಯ ಬಟ್ಟೆಯಲ್ಲೇ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಸಮವಸ್ತ್ರ ಯಾಕೆ ಅಂದರೆ ಬಡವ ಬಲ್ಲಿದ ಭೇದ ಕಾಣದಿರಲಿ ಎಂದು, ಅಂತ ನಮಗೆ ಹೇಳಿಕೊಟ್ಟಿದ್ದರು. ಮಾತು ನಿಜವೇ. 1907ರಲ್ಲಿ, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ನಡೆಸಿದಾಗ ದೊಡ್ಡ ಮನೆತನದ ಹುಡುಗರನ್ನೂ ದುಡಿಯುವವರ ಮಕ್ಕಳನ್ನೂ ಬೇಕೆಂದೇ ಜೊತೆಗೆ ಸೇರಿಸಿದ್ದರು. ಆಗ ಪೂರ್ತಿ ಸಮವಸ್ತ್ರವೂ ಇರಲಿಲ್ಲ. ಒಂದು ಖಾಕಿ ಸ್ಕಾರ್ಫು, ಒಂದು ಹಿತ್ತಾಳೆ ಬ್ಯಾಡ್ಜು, ಅಷ್ಟೇ.

ವ್ಯತ್ಯಾಸ ಇರುವುದು ಇಲ್ಲಿ. ಮಗಳ ತಂಡ ಸೇರುವುದು ಸಂಜೆ, ಶಾಲೆಯ ಹೊರಗೆ, ಒಂದು ಸಭಾಂಗಣದಲ್ಲಿ. ಬೇರೆ ಬೇರೆ ಶಾಲೆಯ ಮಕ್ಕಳು ತಂತಮ್ಮ ಶಾಲೆಯ ಲಾಂಛನವಿರುವ ಬಟ್ಟೆ ಕಳಚಿಟ್ಟು ಬರುತ್ತಾರೆ. ಯಾರು ಫೀಸು ಕಟ್ಟುವ ಶಾಲೆಯವರು, ಯಾರು ಸರ್ಕಾರಿ ಶಾಲೆಯವರು ಎನ್ನುವುದು ಆ ಒಂದು ಅಂಗಿಯೊಳಗೆ ಮರೆಯಾಗುತ್ತದೆ. ನಮ್ಮಲ್ಲಿ ಹೆಚ್ಚಿನ ತಂಡಗಳು ಶಾಲೆಯೊಳಗೇ ಇವೆ. ಎಲ್ಲರೂ ಆಗಲೇ ಒಂದೇ ಬಟ್ಟೆಯಲ್ಲಿರುವಾಗ ಅದರ ಮೇಲೊಂದು ಎರಡನೇ ಸಮವಸ್ತ್ರ ಬಂದರೆ ಅದು ಯಾವ ಭೇದ ಅಳಿಸೀತು? ಕೊಳ್ಳಬಲ್ಲವರು ಯಾರು ಅಂತ ತೋರಿಸುತ್ತದೆ.

ಈ ಬಟ್ಟೆ ಬೇಲಿಯೂ ಆಗಬಲ್ಲದು ಎನ್ನುವುದು ನಮಗೆ ಹೊಸದೇನಲ್ಲ. ಭಾರತದ ಮೊದಲ ಸ್ಕೌಟ್ ತಂಡ ಶುರುವಾದದ್ದು 1909ರಲ್ಲಿ, ಬೆಂಗಳೂರಿನಲ್ಲಿಯೇ. ಆದರೆ ಆಗ ಭಾರತೀಯ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವರಿಗಾಗಿ 1916ರಲ್ಲಿ ಆನಿ ಬೆಸೆಂಟ್ ಮದರಾಸಿನಲ್ಲಿ ಬೇರೆ ಸಂಘ ಕಟ್ಟಬೇಕಾಯಿತು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮೇಷ್ಟ್ರೇ ಮೇಲು. ಅವರು ಸ್ಕಾರ್ಫನ್ನು ಕೊರಳಲ್ಲಿ ಸುಮ್ಮನೆ ಬಿಡುತ್ತಿರಲಿಲ್ಲ. ಬಿಚ್ಚಿಸಿ, ಪಕ್ಕದವನ ಕೈ ಮುರಿದಿದೆ ಅಂದುಕೊಂಡು ಜೋಳಿಗೆ ಕಟ್ಟಿಸುತ್ತಿದ್ದರು. ಗಂಟು ರೀಫ್ ನಾಟೇ ಆಗಬೇಕು, ಚಪ್ಪಟೆಯಾಗಿ ಕೂರುತ್ತದೆ, ಒತ್ತುವುದಿಲ್ಲ. ಮಗಳ ತಂಡದಲ್ಲಿ ಈ ಅಭ್ಯಾಸ ನಾನು ನೋಡಿದ್ದು ಕಡಿಮೆ, ಮನೆಯಲ್ಲಿ ನಾನೇ ಕಲಿಸಿದೆ.

ಊರಿನ ಸ್ಕೌಟ್ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೋಣೆಯಲ್ಲೂ ಅಂಥದೊಂದು ಡಬ್ಬ ಇಡಿ. ಹತ್ತನೇ ತರಗತಿ ಮುಗಿಸಿ ಹೋಗುವವರು ಅಂಗಿ, ಬೆಲ್ಟು, ಸ್ಕಾರ್ಫು ಒಗೆದು ಅದರಲ್ಲಿ ಹಾಕಿ ಹೋಗಲಿ. ಜೂನ್‌ನಲ್ಲಿ ಹೆಸರು ಬರೆದುಕೊಳ್ಳುವಾಗ ಬಟ್ಟೆಯ ಮಾತು ಎತ್ತಬೇಡಿ. ಮೊದಲು ಹುಡುಗ ಬರಲಿ, ಅಳತೆ ಆಮೇಲೆ ನೋಡಿದರಾಯಿತು.