ರಾಜನ ಬಲಭುಜ

ಬೇರೆಯವರ ಪರವಾಗಿ ಹೊಗಳುವುದು ನನ್ನ ವೃತ್ತಿ. ಕ್ಲೈಂಟ್ ಒಬ್ಬರು ಸಿಬ್ಬಂದಿಯನ್ನು ಮನೆಗೆ ಕಳುಹಿಸಿದ ದಿನ 'ಸಂಸ್ಥೆಯು ಪುನರ್ರಚನೆಯ ಹೊಸ ಹಂತವನ್ನು ಪ್ರವೇಶಿಸಿದೆ' ಎಂದು ಪತ್ರಿಕಾ ಪ್ರಕಟಣೆ ಬರೆದು, ಆ ಒಂದು ವಾಕ್ಯವನ್ನು ಏಳು ಬಾರಿ ತಿದ್ದಿಸಿಕೊಂಡು, ರಾತ್ರಿ ಮನೆ ಸೇರಿದವನಿಗೆ ಬೇಕೆನಿಸುವುದು ಒಂದು ಕೊಲೆ. ಅದೂ ನಾಲ್ಕೈದು ಶತಮಾನ ಹಳೆಯದಾಗಿದ್ದರೆ ಉತ್ತಮ. ಹಳೆಯ ಹೆಣದ ಅನುಕೂಲವೆಂದರೆ, ಅದರ ಕಡೆಯವರು ಯಾರೂ ಮರುದಿನ ಬೆಳಿಗ್ಗೆ ಸ್ಪಷ್ಟೀಕರಣ ಕೇಳಿ ಫೋನ್ ಮಾಡುವುದಿಲ್ಲ.

ಐತಿಹಾಸಿಕ ಪತ್ತೇದಾರಿ ಕಾದಂಬರಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜೋಸೆಫೀನ್ ಟೇ 1951ರಲ್ಲಿ ಪ್ರಕಟಿಸಿದ 'ದಿ ಡಾಟರ್ ಆಫ್ ಟೈಮ್'. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ ಇನ್‌ಸ್ಪೆಕ್ಟರ್ ಅಲನ್ ಗ್ರಾಂಟ್, ಇಂಗ್ಲೆಂಡಿನ ಮೂರನೆಯ ರಿಚರ್ಡ್‌ನ ಭಾವಚಿತ್ರವನ್ನು ನೋಡಿ, ಅಣ್ಣನ ಎಳೆಯ ಮಕ್ಕಳಿಬ್ಬರನ್ನು ಕೊಲ್ಲಿಸಿದವನ ಮುಖ ಇದಲ್ಲವೆಂದು ಶಂಕಿಸಿ, ಹಾಸಿಗೆಯಿಂದಲೇ ತನಿಖೆಗೆ ತೊಡಗುತ್ತಾನೆ. ಇದನ್ನು ಹೇಳಿದವರು ಯಾರು ಎಂಬುದೇ ಅವನ ಪ್ರಶ್ನೆ. ರಿಚರ್ಡ್‌ನ ಚರಿತ್ರೆ ಬರೆದ ಥಾಮಸ್ ಮೋರ್ ಹೇಳಿದ್ದಾನೆ. ಆದರೆ 1485ರಲ್ಲಿ ಬಾಸ್‌ವರ್ತ್‌ನ ಕಾಳಗದಲ್ಲಿ ರಿಚರ್ಡ್ ಸತ್ತಾಗ ಮೋರ್ ಏಳು ವರ್ಷದ ಬಾಲಕ. ಮುಂದೆ ಅವನು ಊಳಿಗಕ್ಕೆ ಸೇರಿದ್ದು ರಿಚರ್ಡ್‌ನ ವೈರಿಯಾದ ಜಾನ್ ಮಾರ್ಟನ್‌ನ ಮನೆಯಲ್ಲಿ. ಇಲ್ಲಿಗೆ ಬಂದಾಗ ನಾನು ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟು ನಕ್ಕೆ. ನಾವು 'ಬಲ್ಲ ಮೂಲಗಳು' ಎನ್ನುವುದು ಇಂಥವರನ್ನೇ ಅಲ್ಲವೇ? ಗ್ರಾಂಟ್ ಕೊನೆಗೆ ಅಪರಾಧವನ್ನು, ರಿಚರ್ಡ್‌ನನ್ನು ಸೋಲಿಸಿ ಪಟ್ಟವೇರಿದ ಏಳನೆಯ ಹೆನ್ರಿಯ ತಲೆಗೆ ಕಟ್ಟುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ; ಅವನೂ ಅಲ್ಲಿಗೆ ಒಬ್ಬ ಕ್ಲೈಂಟ್‌ನನ್ನು ಹಿಡಿದುಕೊಂಡಂತಾಯಿತು.

ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ರಿಚರ್ಡ್‌ನ ಚಿತ್ರವೊಂದನ್ನು ಎಕ್ಸ್-ರೇ ಮಾಡಿದಾಗ, ಅವನ ಬಲಭುಜದ ಗೆರೆಯನ್ನು ಆಮೇಲೆ ಯಾರೋ ಮೇಲಕ್ಕೆ ತಿದ್ದಿರುವುದು ಕಂಡುಬಂದಿತು. ಕಳೆದ ವಾರವಷ್ಟೇ ನಮ್ಮ ಕಚೇರಿಯಲ್ಲಿ ಒಬ್ಬ ನಿರ್ದೇಶಕರ ಫೋಟೋದಲ್ಲಿ ಕೋಟಿನ ಎರಡನೆಯ ಗುಂಡಿ ಸಲೀಸಾಗಿ ಹಾಕಿಕೊಳ್ಳುವಷ್ಟು ಹೊಟ್ಟೆಯನ್ನು ಕರಗಿಸಿದ್ದೆವು. ಅವರು ಏರಿಸಿದರು, ನಾವು ಇಳಿಸಿದೆವು, ಅಷ್ಟೇ ವ್ಯತ್ಯಾಸ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಅಡಿಯಲ್ಲಿ ರಿಚರ್ಡ್‌ನ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಬಲಭುಜ ನಿಜವಾಗಿಯೂ ತುಸು ಎತ್ತರವಿದ್ದಿರಬೇಕು, ಕಥೆಗಳು ಅವನಿಗೆ ಅಂಟಿಸಿದ್ದ ಗೂನು ಮಾತ್ರ ಇರಲಿಲ್ಲ. ಆ ಕುಂಚದವನು ಸುಳ್ಳು ಹೇಳಿರಲಿಲ್ಲ, ಇದ್ದದ್ದನ್ನು ಕೊಂಚ ಎತ್ತಿದ್ದ. ವೃತ್ತಿಬಾಂಧವನೆಂದು ಅವನ ಕೈಚಳಕವನ್ನು ಮೆಚ್ಚದಿರಲು ನನ್ನಿಂದಾಗಲಿಲ್ಲ.

ಈ ವೃತ್ತಿಯಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವವನೆಂದರೆ ಐಹೊಳೆಯ ರವಿಕೀರ್ತಿ. 634ರಲ್ಲಿ ಮೇಗುತಿ ಬಸದಿಯ ಗೋಡೆಯ ಮೇಲೆ, ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷವೇ ಉಡುಗಿತೆಂದು ಶ್ಲೇಷೆ ಕಟ್ಟಿದ್ದಲ್ಲದೆ, ಕೀರ್ತಿಯಲ್ಲಿ ತಾನು ಕಾಳಿದಾಸ, ಭಾರವಿಯರಿಗೆ ಸಮನೆಂದೂ ಆತ ಅಲ್ಲಿಯೇ ಬರೆಸಿಕೊಂಡ. ನಮ್ಮ ಪ್ರಕಟಣೆಗಳ ಕೆಳಗೆ ಬರೆದವನ ಹೆಸರಿಗೇ ಜಾಗವಿಲ್ಲ. ಎಂಟು ವರ್ಷಗಳ ನಂತರ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು, ಅಲ್ಲಿಯ ಬಂಡೆಯ ಮೇಲೆ ತನ್ನ ಪ್ರಕಟಣೆಯನ್ನು ಕೆತ್ತಿಸಿದ. ಈ ಎರಡು ಕಲ್ಲುಗಳ ನಡುವೆ ಪುಲಕೇಶಿಗೆ ಏನಾಯಿತೆಂದು ಹುಡುಕಲು ಯಾವುದಾದರೂ ಕನ್ನಡ ಕಾದಂಬರಿಕಾರರು ಪತ್ತೇದಾರನೊಬ್ಬನನ್ನು ಬಾದಾಮಿಗೆ ಕಳುಹಿಸುವುದಾದರೆ, ಆ ಪುಸ್ತಕದ ಪ್ರಚಾರವನ್ನು ನಾನು ಪುಕ್ಕಟೆಯಾಗಿ ಮಾಡಿಕೊಡುತ್ತೇನೆ.