ಅಜಂತಾಕ್ಕೆ ಎರಡೂವರೆ ಗಂಟೆ ಸಾಲದು

ಅಪ್ಪ ಮೂವತ್ತು ವರ್ಷ ಕಲ್ಲಿನ ಕೆಲಸ ಮಾಡಿದವರು. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟಗಳಲ್ಲಿ ಚಪ್ಪರಕ್ಕೆ ನೆಟ್ಟಿರುವ ಕಲ್ಲುಕಂಬ ನೋಡಿರುತ್ತೀರಲ್ವಾ? ಅಂಥವನ್ನು ಬಂಡೆಯಿಂದ ಸೀಳಿ ಸೀಳಿ ಸವೆದ ಕೈ ಅವರದು. ಕಳೆದ ತಿಂಗಳು ಅವರನ್ನೂ ಅಮ್ಮನನ್ನೂ ಅಜಂತಾಕ್ಕೆ ಕರೆದುಕೊಂಡು ಹೋಗಿದ್ದೆ. ಅವತ್ತಿನಿಂದ ಒಂದು ಸಂಕಟ ಮನಸ್ಸಿನಲ್ಲೇ ಉಳಿದಿದೆ. ಅದನ್ನು ಹೇಳಿಬಿಡುತ್ತೇನೆ.

ಔರಂಗಾಬಾದ್‌ನಲ್ಲಿ (ಈಗಿನ ಹೆಸರು ಛತ್ರಪತಿ ಸಂಭಾಜಿನಗರ) ಉಳಿದುಕೊಂಡು, ಗೈಡ್ ಸಮೇತ ಒಂದು ದಿನದ ಟೂರ್ ಬುಕ್ ಮಾಡಿದ್ದೆವು. ಅಲ್ಲಿಂದ ಅಜಂತಾ ಸುಮಾರು 100 ಕಿಲೋಮೀಟರ್. ಬೆಳಿಗ್ಗೆ ದಾರಿಯಲ್ಲೇ ಬಸ್ಸನ್ನು ಒಂದು ಸೀರೆ ಅಂಗಡಿ ಮುಂದೆ ನಿಲ್ಲಿಸಿದರು. ಅಲ್ಲಿ ಒಂದು ಗಂಟೆ ಹೋಯಿತು. ಗುಹೆಗಳ ಹತ್ತಿರ ಇಳಿದಾಗ ಹೇಳಿದ್ದು, "ಎರಡೂವರೆ ಗಂಟೆ ಟೈಮ್ ಇದೆ."

ಎರಡೂವರೆ ಗಂಟೆ! ವಾಘೋರಾ ಹೊಳೆ ಕುದುರೆ ಲಾಳದ ಹಾಗೆ ತಿರುಗುವ ಕಡೆ, ಬೆಟ್ಟದ ಗೋಡೆಯುದ್ದಕ್ಕೂ ಸುಮಾರು 30 ಗುಹೆಗಳಿವೆ. ಕೆಲವು ಕ್ರಿಸ್ತಪೂರ್ವದವು, ಜಾಸ್ತಿ ಗುಹೆಗಳು 5ನೇ ಶತಮಾನದವು. ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿ ಊರೂರು ತಿರುಗುವುದು ಬಿಟ್ಟು ಇಂಥ ಕಡೆ ನೆಲೆ ನಿಲ್ಲುತ್ತಿದ್ದರು. ಅವರು ಮಲಗಿದ ಸಣ್ಣ ಸಣ್ಣ ಕೋಣೆಗಳು ಈಗಲೂ ಹಾಗೇ ಇವೆ.

ಗೈಡ್ ಒಳ್ಳೆಯವರು, ಅವರ ಮೇಲೆ ನನಗೆ ಬೇಜಾರಿಲ್ಲ. ಒಂದನೇ ಗುಹೆಯಲ್ಲಿ ಕಂಬದ ಮೇಲಿರುವ ನಾಲ್ಕು ಜಿಂಕೆ ತೋರಿಸಿದರು. ನಾಲ್ಕು ಮೈಗೆ ತಲೆ ಒಂದೇ, ಯಾವ ಮೈ ನೋಡಿದರೂ ಅದರದೇ ತಲೆ ಅನ್ನಿಸುತ್ತದೆ. ಗೋಡೆಯ ಚಿತ್ರಗಳನ್ನು ನೇರವಾಗಿ ಕಲ್ಲಿನ ಮೇಲೆ ಬರೆದಿಲ್ಲ, ಮಣ್ಣಿಗೆ ಹುಲ್ಲು, ಹೊಟ್ಟು ಕಲಸಿ ಮೆತ್ತಿ, ಮೇಲೆ ತೆಳುವಾಗಿ ಸುಣ್ಣ ಬಳಿದು ಬರೆದಿದ್ದಾರೆ ಅಂದರು. ಅವರು ಹೇಳುವುದೆಲ್ಲ ಹಿಂದಿಯಲ್ಲಿ, ನಾನು ಪಕ್ಕದಲ್ಲೇ ಕನ್ನಡದಲ್ಲಿ ಹೇಳುತ್ತಿದ್ದೆ. ಬಣ್ಣ ಉದುರಿದ ಜಾಗದಲ್ಲಿ ಇಣುಕುವ ಮಣ್ಣನ್ನು ಅಮ್ಮ ಬಗ್ಗಿ ನೋಡಿ, "ನಮ್ಮ ಹಳೇ ಮನೆ ಗೋಡೆ ಹಂಗೇ ಐತಲ್ಲೇ" ಅಂದರು. ಅಮ್ಮನ ಮುಖದಲ್ಲಿ ಆಗ ಕಂಡ ಖುಷಿ ನನಗೆ ಅದೇ ಗುಹೆಯಲ್ಲಿರುವ, ಕೈಯಲ್ಲಿ ಕಮಲ ಹಿಡಿದ ಬೋಧಿಸತ್ವ ಪದ್ಮಪಾಣಿಯ ಹೆಸರಾಂತ ಚಿತ್ರಕ್ಕಿಂತ ಕಡಿಮೆ ಏನಲ್ಲ.

ಹತ್ತನೇ ಗುಹೆಯಲ್ಲಿ ಜಾನ್ ಸ್ಮಿತ್ ಅನ್ನುವ ಬ್ರಿಟಿಷ್ ಅಧಿಕಾರಿ 1819ರಲ್ಲಿ ತನ್ನ ಹೆಸರು ಗೀಚಿದ ಕಂಬವಿದೆ. ಹುಲಿ ಬೇಟೆಗೆ ಬಂದವನು. ಹೆಸರು ತಲೆಗಿಂತ ಎಷ್ಟೋ ಮೇಲಿದೆ. ಆಗ ಗುಹೆಯೊಳಗೆ ಅಷ್ಟು ಎತ್ತರಕ್ಕೆ ಮಣ್ಣು ಕಲ್ಲು ತುಂಬಿಕೊಂಡಿತ್ತಂತೆ, ಅದರ ಮೇಲೆ ನಿಂತು ಗೀಚಿದ್ದಾನೆ. ಎರಡು ಸಾವಿರ ವರ್ಷದ ಕಂಬದ ಮೇಲೆ ಹೀಗೆ ಮಾಡಿದ್ದು ನೋಡಿ ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂತು.

ಅಲ್ಲಿಂದ ಮುಂದೆ ಬರೀ ಓಟ. ಹದಿನಾರು, ಹದಿನೇಳು, ಆಮೇಲೆ ಸೀದಾ ಇಪ್ಪತ್ತಾರು. "ಉಳಿದದ್ದರಲ್ಲಿ ಏನೂ ಇಲ್ಲ, ಅರ್ಧಕ್ಕೇ ಬಿಟ್ಟಿದ್ದಾರೆ" ಅಂದರು ಗೈಡ್. ತಿರುಗಿ ನೋಡಿದರೆ ಅಪ್ಪ ಇಲ್ಲ. ಹುಡುಕಿಕೊಂಡು ವಾಪಸ್ ಬಂದೆ. ಇಪ್ಪತ್ತನಾಲ್ಕನೇ ಗುಹೆಯಲ್ಲಿ ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ಆ ಗುಹೆ ಪೂರ್ತಿಯಾಗಿಲ್ಲ. ಆ ಕಾಲದಲ್ಲಿ ಈ ಭಾಗ ಆಳುತ್ತಿದ್ದ ವಾಕಾಟಕ ವಂಶದ ದೊರೆ ಹರಿಷೇಣ ತೀರಿಕೊಂಡ ಮೇಲೆ ಇಲ್ಲಿನ ಕೆಲಸಗಳು ನಿಂತುಹೋದವು ಅಂತ ಇತಿಹಾಸಕಾರರು ಹೇಳುತ್ತಾರೆ. ಮುಗಿದಿದ್ದರೆ ಅಜಂತಾದ ತುಂಬಾ ದೊಡ್ಡ ವಿಹಾರಗಳಲ್ಲಿ, ಅಂದರೆ ಭಿಕ್ಷುಗಳು ಉಳಿಯುವ ಗುಹೆಗಳಲ್ಲಿ, ಒಂದಾಗುತ್ತಿತ್ತು. ಗೋಡೆ ತುಂಬಾ ಉಳಿ ಗುರುತು. ಅಪ್ಪ ಒಂದು ಗುರುತಿನ ಮೇಲೆ ಬೆರಳಾಡಿಸಿ, "ಇಲ್ನೋಡಮ್ಮ, ಏಟು ಮೇಲಿಂದ ಕೆಳಕ್ಕೆ ಬಿದ್ದೈತೆ. ಮೊದಲು ಸೂರು ಮಾಡ್ಕೊಂಡವ್ರೆ, ಆಮೇಲೆ ಕೆಳಗಿಳಿದವ್ರೆ. ಅಟ್ಟಣಿಗೆ ಕಟ್ಟೋ ತಾಪತ್ರಯವೇ ಇಲ್ಲ" ಅಂದರು. ಉದ್ದಕ್ಕೆ ಕಾಲುವೆ ಥರ ಕೊರೆದು, ನಡುವೆ ಉಳಿದ ದಿಣ್ಣೆಯನ್ನು ಆಮೇಲೆ ಒಡೆದು ತೆಗೆಯುತ್ತಿದ್ದ ರೀತಿಯನ್ನೂ ತೋರಿಸಿದರು. ನಮ್ಮ ನಂದಿ ಬೆಟ್ಟದ ಕಡೆಯದು ಗ್ರಾನೈಟ್. ಸಾಲಾಗಿ ತೂತು ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಲ್ಲಿ ಹೊಡೆದು ಸೀಳುತ್ತಾರೆ. ಅಲ್ಲಿಯದು ಲಾವಾ ಆರಿ ಆದ ಕರಿಕಲ್ಲು. "ನಂಗೆ ಒಂದು ಕಂಬ ಒಡೆದೋದ್ರೆ ಇನ್ನೊಂದು ಕಂಬ ಸೀಳ್ತಿದ್ದೆ. ಇವರಿಗೆ ಒಂದು ಏಟು ತಪ್ಪಿದ್ರೆ ಬೇರೆ ಬೆಟ್ಟ ಎಲ್ಲಿಂದ ತರ್ತಾರೆ?" ಅಂದರು ಅಪ್ಪ.

ಗೈಡ್ ನಮ್ಮನ್ನು ಕರೆಯಲು ಬಂದವರು ಅಲ್ಲೇ ನಿಂತುಬಿಟ್ಟರು. ಅಪ್ಪನ ಮಾತನ್ನು ನಾನು ಹಿಂದಿಯಲ್ಲಿ ಹೇಳಿದೆ, ಅವರು ಅಪ್ಪನಿಗೆ ಪ್ರಶ್ನೆ ಕೇಳಿದರು. ಹತ್ತೇ ನಿಮಿಷ. ಅಷ್ಟರಲ್ಲಿ ಬಸ್ಸಿನಿಂದ ಫೋನ್ ಮೇಲೆ ಫೋನ್. ಇಪ್ಪತ್ತಾರನೇ ಗುಹೆಯಲ್ಲಿ ಸುಮಾರು 7 ಮೀಟರ್ ಉದ್ದದ ಬುದ್ಧ ಕೊನೆಯ ಘಳಿಗೆಯಲ್ಲಿ ಮಲಗಿದ್ದಾನೆ, ಕೆಳಗೆ ಶಿಷ್ಯರು ಅಳುತ್ತಾ ಕೂತಿದ್ದಾರೆ. ಅಲ್ಲಿ ಒಂದು ನಿಮಿಷ ಸುಮ್ನೆ ನಿಲ್ಲಲೂ ಬಿಡಲಿಲ್ಲ.

ಟೂರ್ ನಡೆಸುವವರಿಗೆ ನನ್ನ ಮಾತು ಇಷ್ಟೇ. ಸೀರೆ ಅಂಗಡಿಗೆ ಕೊಟ್ಟ ಆ ಒಂದು ಗಂಟೆಯನ್ನು ಗುಹೆಗೆ ಕೊಡಿ. ಅರ್ಧಕ್ಕೆ ನಿಂತ ಗುಹೆಯನ್ನು "ಏನೂ ಇಲ್ಲ" ಅಂತ ದಾಟಿಸಬೇಡಿ. ಕೆಲಸ ಹೇಗೆ ನಡೆಯಿತು ಅಂತ ಕಣ್ಣಾರೆ ಕಾಣುವುದು ಅಲ್ಲೇ. ಬರುವವರಲ್ಲಿ ಕಲ್ಲು ಒಡೆದವರು, ಗೋಡೆ ಮೆತ್ತಿದವರು, ಬಣ್ಣ ಬಳಿದವರು ಇರುತ್ತಾರೆ. ಅವರನ್ನೂ ಮಾತಾಡಿಸಿ.

ನಮ್ಮ ಕಡೆಯಿಂದ ಹೋಗುವವರು ಅಜಂತಾಕ್ಕೆ ಅಂತಲೇ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಸೋಮವಾರ ರಜಾ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ. ಗೈಡ್ ಖಂಡಿತ ಬೇಕು, ಆದರೆ ಟೈಮ್ ಎಷ್ಟು ಅಂತ ದುಡ್ಡು ಕೊಡುವ ಮೊದಲೇ ಕೇಳಿ. ನಾನು ಕೇಳಿರಲಿಲ್ಲ.

ದೀಪಾವಳಿ ಆದ ಮೇಲೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ನಾವು ಮೂವರೇ. ಅಪ್ಪ ಆಗಲೇ ಟಾರ್ಚಿಗೆ ಹೊಸ ಸೆಲ್ ತಂದಿಟ್ಟಿದ್ದಾರೆ.