ಫೋಮ್ ಒತ್ತಬೇಡಿ ಅಂದ್ರೆ ಒತ್ತಬೇಡಿ

ಹೂವಿನ ಅಲಂಕಾರದ ಕ್ಲಾಸಿನಲ್ಲಿ ನಾನು ಟೀಚರ್‌ಗೆ ಸಹಾಯಕಿ. ಪ್ರತಿ ಸಲವೂ ಹೇಳುತ್ತೇನೆ, ಫೋಮನ್ನು, ಅಂದರೆ ಹೂವಿನ ದಂಟು ಚುಚ್ಚಿ ನಿಲ್ಲಿಸುವ ಆ ಹಸಿರು ಸ್ಪಂಜಿನಂಥ ತುಂಡನ್ನು, ನೀರಿನ ಮೇಲೆ ಸುಮ್ನೆ ಬಿಡಿ, ನೀರು ಹೀರಿಕೊಂಡು ಅದೇ ಮುಳುಗುತ್ತದೆ, ಒಂದೆರಡು ನಿಮಿಷ ಸಾಕು ಅಂತ. ನಾನು ಆ ಕಡೆ ತಿರುಗುವುದೇ ತಡ, ಯಾರಾದರೂ ಎರಡೂ ಕೈಯಲ್ಲಿ ಅದನ್ನು ಬಕೆಟ್ಟಿನ ತಳಕ್ಕೆ ಅದುಮಿರುತ್ತಾರೆ. ಹೀಗೆ ಮಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡು ನಡುಭಾಗ ಒಣಗಿದ ಹಾಗೇ ಉಳಿಯುತ್ತದೆ. ನಿನ್ನೆ ಅಂಥದ್ದೊಂದನ್ನು ಚಾಕುವಿನಲ್ಲಿ ಕೊಯ್ದು ತೋರಿಸಿದೆ. ಹೊರಗೆ ಕಡು ಹಸಿರು, ನಡುವೆ ಮಾತ್ರ ತಿಳಿ ಹಸಿರು, ಬೆರಳು ತಾಗಿದರೆ ಪುಡಿ ಉದುರುತ್ತಿತ್ತು. ಅಲ್ಲಿಗೆ ಚುಚ್ಚಿದ ಗುಲಾಬಿಗೆ ನೀರು ಎಲ್ಲಿಂದ ಸಿಗಬೇಕು? ಮರುದಿನ ಕತ್ತು ಬಾಗಿಸುತ್ತದೆ, ಆಮೇಲೆ ಹೂವೇ ಸರಿ ಇರಲಿಲ್ಲ ಅಂತ ದೂರು ಬೇರೆ.

ನನಗೆ ಸಿಟ್ಟು ಬರುವುದು ಅಲ್ಲೇ. ಕ್ಲಾಸಿಗೆ ಮೊದಲೇ ಬಂದು ಒಂದೊಂದು ದಂಟನ್ನೂ ಓರೆಯಾಗಿ ಕತ್ತರಿಸಿ, ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತು, ಬಕೆಟ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ಹೂವು ತಯಾರು ಮಾಡಿರುತ್ತೇನೆ. ಕೈ ತುಂಬಾ ಮುಳ್ಳಿನ ಗೀರು.

ಇನ್ನು ಚುಚ್ಚಿದ್ದನ್ನು ಕಿತ್ತು ಮತ್ತೆ ಅದೇ ತೂತಿಗೆ ಹಾಕುವುದು. ತೂತು ದೊಡ್ಡದಾದರೆ ದಂಟು ಫೋಮಿಗೆ ಸರಿಯಾಗಿ ತಾಗುವುದೇ ಇಲ್ಲ! ಹಾಳಾದ ಫೋಮ್ ಕಸಕ್ಕೆ. ಅದು ಎಲೆ, ದಂಟಿನ ಹಾಗೆ ಮಣ್ಣಲ್ಲಿ ಕೊಳೆಯುವ ವಸ್ತುವಲ್ಲ, ಒಂದು ರೀತಿಯ ಪ್ಲಾಸ್ಟಿಕ್ಕೇ. ಉಳಿದ ಪುಡಿ ನೀರನ್ನು ಸಿಂಕಿಗೆ ಸುರಿಯಬೇಡಿ, ಬಟ್ಟೆಯಲ್ಲಿ ಸೋಸಿ ಅಂತಲೂ ಹೇಳಿದ್ದೇನೆ, ನಿನ್ನೆ ಸಿಂಕ್ ನೋಡಿದರೆ ಪೂರ್ತಿ ಹಸಿರು.